ಟ್ರಂಕಿಗೆ ಕೈ ಹಾಕುವ ಮುಂಚೆ ಕಾಫಿ ಕೊಡು

ಬಾ, ಕೂತ್ಕೋ. ಆ ಫೋನನ್ನ ಜೇಬಿಗಿಡು. ಇಡೋಕೆ ಆಗದಿದ್ದರೆ ಕಡೇಪಕ್ಷ ತೊಡೆಯ ಮೇಲೆ ಮಕಾಡೆ ಮಲಗಿಸು. ನಿಮ್ಮ ಮನೆಯಲ್ಲೂ ನನ್ನ ಥರದ ಮುದುಕ ಒಬ್ಬ ಇದ್ದಾನಂತೆ. ಬೆಳಗ್ಗೆ ಐದಕ್ಕೇ ಎದ್ದು ಬಕೆಟ್ಟು ಸದ್ದು ಮಾಡಿ ಮನೆಮಂದಿಯ ನಿದ್ದೆ ಕೆಡಿಸುವವನು, ಹೊದಿಕೆ ಮಡಿಸಿದ್ದು ಸರಿಯಿಲ್ಲ ಅಂತ ಗೊಣಗಿ ಸೊಸೆಯ ಹತ್ತಿರ ಮಾತು ಕೇಳುವವನು. ಅವನ ಮಿಲಿಟರಿ ನೆನಪುಗಳನ್ನೆಲ್ಲ ಬರುವ ಆಗಸ್ಟ್ ಹದಿನೈದರೊಳಗೆ ಬಾಚಿ ಗುಡ್ಡೆ ಹಾಕ್ತೀನಿ ಅಂತ ನೀನು ಹೊರಟಿದ್ದೀಯ. ಒಳ್ಳೇದೇ. ನಿನಗೆ ಬುದ್ಧಿ ಇದೆ, ಮನಸ್ಸೂ ಇದೆ. ತಾಳ್ಮೆಯೊಂದು ಇನ್ನೂ ಮೊಳೆತಿಲ್ಲ.

ಹೋದ ವರ್ಷ ನನ್ನ ಮೊಮ್ಮಗಳೂ ಹೀಗೇ ಬಂದಳು. ಕಾಲೇಜಿನಲ್ಲಿ ಏನೋ ಪ್ರಾಜೆಕ್ಟು. ಬಂದವಳೇ ಸ್ಟ್ಯಾಂಡಿಗೆ ಫೋನು ಸಿಗಿಸಿ, ನನ್ನ ಮುಖಕ್ಕೆ ಒಂದು ದುಂಡನೆಯ ದೀಪ ಹಿಡಿದು, ‘ತಾತ, ಯುದ್ಧದಲ್ಲಿ ಎಷ್ಟು ಜನರನ್ನ ಹೊಡೆದೆ?’ ಅಂದಳು. ನಾನು ಎದ್ದು ಕರಿಬೇವಿನ ಗಿಡಕ್ಕೆ ನೀರು ಹಾಕೋಕೆ ಹೋದೆ. ಬೆಳಗ್ಗೆಯೇ ಅದಕ್ಕೆ ನೀರು ಹಾಕಿ ಆಗಿತ್ತು.

ಆ ಪ್ರಶ್ನೆ ಕೇಳಬೇಡ ಕಣಪ್ಪ. ಹೊಡೆದವನು ಹೇಳೋದಿಲ್ಲ. ಹೊಡೆಯದವನಿಗೆ ತಾನು ಏನೋ ಕಡಿಮೆ ಬಿದ್ದೆ ಅನ್ನಿಸುತ್ತೆ. ಸೈನ್ಯ ಅಂದರೆ ಬರೀ ಬಂದೂಕು ಅಂತ ನೀನು ಸಿನಿಮಾ ನೋಡಿ ತಿಳ್ಕೊಂಡಿದ್ದೀಯ. ನಾನು 1969ರಲ್ಲಿ, ಹದಿನೆಂಟು ತುಂಬಿದ ವರ್ಷ, ಬೆಂಗಳೂರಿನ ಹಲಸೂರು ಕೆರೆ ಪಕ್ಕದ ಮದ್ರಾಸ್ ಸ್ಯಾಪರ್ಸ್ ಸೆಂಟರಿನಲ್ಲಿ ಭರ್ತಿಯಾದವನು. 1780ರಲ್ಲಿ ಹುಟ್ಟಿದ ಪಡೆ ಅದು. ಅದರೊಳಗೆ ಕನ್ನಡದವರು, ತಮಿಳರು, ತೆಲುಗರು, ಮಲಯಾಳಿಗಳು ಎಲ್ಲರೂ ಒಂದೇ: ‘ತಂಬಿ’. ನಮ್ಮ ಕೆಲಸ ಏನು ಗೊತ್ತಾ? ರಸ್ತೆ ಹಾಕು, ಸೇತುವೆ ಕಟ್ಟು, ಮೈನು ಹೂಳು, ವೈರಿ ಹೂತದ್ದನ್ನ ತೆಗಿ, ಮಧ್ಯೆ ಪುರುಸೊತ್ತಾದರೆ ಕಕ್ಕಸಿಗೆ ಗುಂಡಿ ತೋಡು. ಇಪ್ಪತ್ತೆರಡು ವರ್ಷ ಸರ್ವಿಸ್ ಮಾಡಿ ಹವಾಲ್ದಾರನಾಗಿ ಮನೆಗೆ ಬಂದೆ. ಅಷ್ಟರಲ್ಲಿ ನಾನು ಹಿಡಿದ ಗುದ್ದಲಿಗೂ ಬಂದೂಕಿಗೂ ಲೆಕ್ಕ ಹಾಕಿದರೆ ಗುದ್ದಲಿಯೇ ಗೆಲ್ಲುತ್ತೆ.

ಊರ ಶಾಲೆಯಲ್ಲಿ ಬಾವುಟ ಹಾರಿಸೋಕೆ ಕರೀತಾರಲ್ಲ, ಆಗ ಮೈಕು ಹಿಡಿದ ಮೇಷ್ಟರು ‘ವೈರಿಗಳ ಎದೆ ನಡುಗಿಸಿದ ವೀರಯೋಧರು’ ಅಂತ ಶುರು ಹಚ್ಚಿಕೊಳ್ಳುತ್ತಾರೆ. ನಾನು ಗುಂಡಿ ತೋಡಿದ್ದನ್ನ ನೆನೆಸಿಕೊಂಡು ತಲೆ ತಗ್ಗಿಸಿ ಕೂರ್ತೀನಿ. ಜನ ಅದನ್ನ ವಿನಯ ಅಂದುಕೊಳ್ತಾರೆ. ಆಮೇಲೆ ಒಂದು ಶಾಲು, ಒಂದು ಪೇಟ, ಒಂದು ಹಣ್ಣಿನ ಬುಟ್ಟಿ. ನನ್ನ ಹತ್ತಿರ ಈಗ ಹದಿನಾಲ್ಕು ಶಾಲುಗಳಿವೆ. ಚಳಿಗೆ ಹೊದೆಯೋಣ ಅಂದರೆ ಒಂದರಲ್ಲೂ ಬೆಚ್ಚಗಾಗೋದಿಲ್ಲ. ಬೈತಿದ್ದೀನಿ ಅಂದ್ಕೋಬೇಡ, ಪ್ರೀತಿಯಿಂದ ಹೊದಿಸಿದವರೇ. ಆದರೆ ಅಷ್ಟೂ ಜನರಲ್ಲಿ ಒಬ್ಬರೂ ‘ಅಲ್ಲಿ ಏನು ತಿಂತಿದ್ರಿ?’ ಅಂತ ಕೇಳಲಿಲ್ಲ.

ಅದನ್ನ ಕೇಳು ನೀನು. ಊಟದಿಂದ ಶುರು ಮಾಡು. ಮುದ್ದೆ ಉಂಡು ಬೆಳೆದ ಹೊಟ್ಟೆಗೆ ಲಂಗರಿನ ರೊಟ್ಟಿ ಒಗ್ಗೋಕೆ ಎಷ್ಟು ತಿಂಗಳು ಹಿಡೀತು ಅಂತ ಕೇಳು. ಲಾಂಗ್ರಿ, ಅಂದರೆ ಅಡುಗೆಯವನು, ಯಾವ ಊರವನು ಅಂತ ಕೇಳು. ಅಡುಗೆಯವನ ಹೆಸರು ಮರೆತ ಸೈನಿಕನನ್ನ ನಾನು ನೋಡಿಲ್ಲ. ಶಕ್ಕರ್‌ಪಾರೆ ಅಂತ ಕೊಡ್ತಿದ್ದರು, ಕಲ್ಲಿನ ಹಾಗೆ ಗಟ್ಟಿ, ಜೇಬಿನಲ್ಲಿಟ್ಟುಕೊಂಡು ದಿನವಿಡೀ ಚೀಪಬಹುದು. ಎನಾಮಲ್ ಮಗ್ಗಿನಲ್ಲಿ ಚಾ. ಮಾಘದ ಚಳಿಯಲ್ಲಿ ಮಗ್ಗಿನ ಅಂಚು ತುಟಿ ಸುಡುತ್ತಿತ್ತು, ಒಳಗಿನ ಚಾ ಆಗಲೇ ತಣ್ಣಗಾಗಿರುತ್ತಿತ್ತು. ಅದು ಹೇಗೆ ಅಂತ ಈವತ್ತಿಗೂ ನನಗೆ ಬಗೆಹರಿದಿಲ್ಲ.

ಊಟದ ಬಾಗಿಲಿಂದ ಒಳಗೆ ಹೋದರೆ ಮಿಕ್ಕ ಬಾಗಿಲುಗಳು ತಾವಾಗಿ ತೆರೆದುಕೊಳ್ತವೆ. ಕಾಗದಗಳ ವಿಷಯ ಬರುತ್ತೆ. ‘56 ಎಪಿಒ’ ಅಂತ ವಿಳಾಸ ಬರೆದ ಇನ್‌ಲ್ಯಾಂಡ್ ಲೆಟರು ಊರಿಂದ ಹೊರಟು, ನಾವು ಎಲ್ಲಿದ್ದೀವಿ ಅಂತ ನಮ್ಮ ಮನೆಯವರಿಗೇ ಗೊತ್ತಿಲ್ಲದ ಜಾಗಕ್ಕೆ ಬಂದು ಮುಟ್ಟುತ್ತಿತ್ತು. ಮೂರು ಮಡಿಕೆಯ ನೀಲಿ ಕಾಗದ. ನಮ್ಮವ್ವನಿಗೆ ಓದು ಬರಹ ಬರ್ತಿರಲಿಲ್ಲ, ಪೋಸ್ಟ್‌ಮ್ಯಾನ್ ಕೈಲೇ ಬರೆಸೋಳು. ಹಾಗಾಗಿ ಅವ್ವನ ಕಾಗದದಲ್ಲಿ ಕೊನೆಗೆ ‘ಪೋಸ್ಟ್‌ಮ್ಯಾನ್ ಕಡೆಯಿಂದಲೂ ನಮಸ್ಕಾರ, ಬರುವಾಗ ಒಂದು ಕಂಬಳಿ ತರುವುದು’ ಅಂತಲೂ ಇರ್ತಿತ್ತು.

ಮೊಮ್ಮಗಳ ವಿಷಯಕ್ಕೆ ಬರ್ತೀನಿ. ಗಿಡಕ್ಕೆ ನೀರು ಹಾಕಿ ವಾಪಸ್ಸು ಬರೋ ಹೊತ್ತಿಗೆ ಅವಳು ಮಂಚದ ಕೆಳಗಿನಿಂದ ನನ್ನ ಕರೀ ಟ್ರಂಕು ಎಳೆದು ನಡುಮನೆಗೆ ತಂದಿದ್ದಳು. ಮೇಲೆ ಬಿಳೀ ಪೇಂಟಿನಲ್ಲಿ ನನ್ನ ನಂಬರು, ಹೆಸರು. ಪೇಂಟು ಉದುರಿ ಹೆಸರಿನ ಅರ್ಧ ಹೋಗಿದೆ, ನಂಬರು ಮಾತ್ರ ಗಟ್ಟಿಯಾಗಿದೆ. ನನ್ನ ತಲೆಯೊಳಗೂ ಹಾಗೇ. ಮದುವೆಯ ತಾರೀಕು ಮರೆತು ಬೈಸಿಕೊಂಡಿದ್ದೀನಿ, ನಂಬರು ನಿದ್ದೆಯಲ್ಲಿ ಕೇಳಿದರೂ ಹೇಳ್ತೀನಿ.

ಕೇಳದೆ ಟ್ರಂಕು ತೆಗೆದಳಲ್ಲ ಅಂತ ಸಿಟ್ಟು ಬಂತು. ನೀನೂ ಇದೇ ಮಾಡ್ತೀಯ ಅಂತ ಗೊತ್ತು, ಅದಕ್ಕೇ ಹೇಳ್ತಿದ್ದೀನಿ. ಮುದುಕರ ಟ್ರಂಕು ಅಂದರೆ ದೇವರ ಗೂಡಿದ್ದ ಹಾಗೆ. ಅವರೇ ಕೈಯಾರೆ ತೆಗೆಯಬೇಕು. ಮೊದಲು ಕಾಫಿ ಕೊಡು. ಎರಡನೇ ಕಾಫಿಯೂ ಕೊಡು. ಮೂರನೇ ದಿನ ಅವರೇ ‘ಬಾರೋ ಇಲ್ಲಿ, ಒಂದು ಸಾಮಾನು ತೋರಿಸ್ತೀನಿ’ ಅಂತಾರೆ.

ಅವಳು ಪದಕಗಳನ್ನ ಮೂಸಿಯೂ ನೋಡಲಿಲ್ಲ. ಒಂದು ಸಣ್ಣ ಬಿಳೀ ಬಟ್ಟೆ ಚೂರು ಹಿಡಿದು, ‘ಇದೇನು ತಾತ, ಯಾರದ್ದೋ ಚಡ್ಡಿ ಲಾಡಿ ಇಟ್ಟಿದ್ದೀಯ?’ ಅಂತ ನಕ್ಕಳು.

ಅವಳ ತಪ್ಪಿಲ್ಲ. ಅದರ ಅರ್ಧ ನಿಜವಾಗಿಯೂ ಲಾಡಿಯೇ ಆಗಿತ್ತು. ನಮ್ಮನೆಯವಳು, ಈಗಿಲ್ಲ, ಒಂದು ಸಲ ಟ್ರಂಕು ಬಿಸಿಲಿಗೆ ಇಟ್ಟಾಗ ಆ ಟೇಪು ನೋಡಿ, ಗಟ್ಟಿ ಹತ್ತಿ ಕಣ್ರೀ ಅಂತ ಮಗನ ಚಡ್ಡಿಗೆ ಪೋಣಿಸಿಬಿಟ್ಟಿದ್ದಳು. ನಾನು ರಜೆಗೆ ಬಂದಾಗ ನೋಡಿ, ಉಳಿದ ಗೇಣುದ್ದವನ್ನ ತೆಗೆದಿಟ್ಟೆ. ಏನು ಎತ್ತ ಅಂತ ಅವಳಿಗೂ ಹೇಳಿರಲಿಲ್ಲ.

ಅದು ಮೈನ್ ಟೇಪು. ನೆಲದಲ್ಲಿ ಮೈನು ಹೂತಿರುವ ಕಡೆ ದಾರಿ ಮಾಡಬೇಕಾದರೆ ಹೊಟ್ಟೆಯ ಮೇಲೆ ಮಲಗಿ, ಪ್ರಾಡರ್ ಅನ್ನೋ ಕಬ್ಬಿಣದ ಕಡ್ಡಿಯನ್ನ ಓರೆಯಾಗಿ ನೆಲಕ್ಕೆ ಚುಚ್ಚುತ್ತಾ ಹೋಗಬೇಕು. ನೆಟ್ಟಗೆ ಚುಚ್ಚಿದರೆ ಕೆಟ್ಟೆ, ಅದರ ತಲೆಯ ಮೇಲೇ ಒತ್ತಿದ ಹಾಗಾಗುತ್ತೆ. ಓರೆಯಾಗಿ ಚುಚ್ಚಿದರೆ ಪಕ್ಕೆಗೆ ತಾಗುತ್ತೆ. ಗೇಣು ಗೇಣೇ ಮುಂದೆ ಹೋಗು, ಚುಚ್ಚು, ಉಸಿರು ಬಿಡು. ತೆರವಾದ ದಾರಿಯ ಎರಡೂ ಅಂಚಿಗೆ ಬಿಳೀ ಟೇಪು ಎಳೆಯಬೇಕು. ಟೇಪಿನ ಒಳಗೆ ನಡೆದರೆ ಮನೆ, ಹೊರಗೆ ಕಾಲಿಟ್ಟರೆ ಅವನ ಹಣೆಬರಹ.

1971ರಲ್ಲಿ ನಾವು ಪಶ್ಚಿಮದ ಗಡಿಯಲ್ಲಿ, ಶಕರ್‌ಗಢ ಸೀಮೆಯಲ್ಲಿದ್ದೆವು. ಡಿಸೆಂಬರ್ 17ಕ್ಕೆ ಕದನ ವಿರಾಮ ಆಯ್ತು. ಎಲ್ಲರೂ ಬಿಡುಗಡೆಯಾಯ್ತು ಅಂದರು. ನಮಗೆ ಕೆಲಸ ಜಾಸ್ತಿಯಾಯ್ತು, ಮೈನುಗಳಿಗೆ ಕದನ ವಿರಾಮ ಗೊತ್ತಿಲ್ಲವಲ್ಲ. ಜನವರಿಯ ಒಂದು ಬೆಳಗ್ಗೆ, ಮುಂದಿನವನ ಬೆನ್ನು ಕಾಣದಂಥ ಮಂಜು. ನಮ್ಮ ಸೆಕ್ಷನ್ನಿನ ತಂಬಿ ಒಬ್ಬ, ಸೇಲಂ ಕಡೆಯವನು, ನನ್ನ ಜೊತೆಗೇ ಭರ್ತಿಯಾದವನು, ಮಗ್ಗಿನಲ್ಲಿ ನೀರು ಹಿಡಿದುಕೊಂಡು ಹೋದ. ಅಷ್ಟೆ. ಸದ್ದು ಕೇಳಿಸ್ತು. ಮೊಣಕಾಲ ಕೆಳಗೆ ಎಡಗಾಲು ಹೋಯ್ತು.

ಆ ಕಡೆಯ ಟೇಪು ಹಿಂದಿನ ದಿನ ಕಟ್ಟಿದವನು ನಾನು.

ಹಳೇ ಸೈನಿಕರು ಯಾಕೆ ಹೇಳಿದ ಕತೆಯನ್ನೇ ಹೇಳ್ತಾರೆ ಅಂತ ನಿನಗೆ ಬೇಜಾರಲ್ಲವಾ? ನಾನೂ ಹಾಗೇ ಮಾಡ್ತಿದ್ದೆ. ಬೆನ್ನಿಗೆ ಪಿಟ್ಟು ಚೀಲ ಹೊರಿಸಿ ಓಡಿಸಿದ ಉಸ್ತಾದ್ ಕತೆ, ಬಡಾ ಖಾನಾದ ಔತಣದಲ್ಲಿ ಜಾರಿ ಬಿದ್ದ ಸುಬೇದಾರ್ ಸಾಹೇಬರ ಕತೆ, ಇವನ್ನೇ ತಿರುಗಾ ಮುರುಗಾ ಹೇಳ್ತಿದ್ದೆ. ಯಾಕೆ ಅಂದರೆ, ಒಂದು ಕತೆಯ ಮೇಲೆ ಇನ್ನೊಂದು ಕತೆ ಮುಚ್ಚಿಟ್ಟಿರುತ್ತೆ. ಗಾಳಿಗೆ ಟೇಪು ಸರಿದಿತ್ತೋ, ನಾನು ಗೂಟ ಸರಿಯಾಗಿ ಬಡಿದಿರಲಿಲ್ಲವೋ. ಮೂವತ್ತು ವರ್ಷ ಇದನ್ನೇ ಅಗಿದೆ. ವರ್ಷಕ್ಕೊಂದು ಪೊಂಗಲ್ ಕಾರ್ಡು ಅವನಿಂದ ಬರ್ತಿತ್ತು. ನಾನು ಯುಗಾದಿಗೆ ಒಂದು ಹಾಕ್ತಿದ್ದೆ. ಅದರಲ್ಲಿ ಮಳೆ ಬೆಳೆ, ಮಕ್ಕಳ ಮದುವೆ. ಪುಣೆಯ ಕೃತಕ ಅಂಗ ಕೇಂದ್ರಕ್ಕೆ ಹೋಗಿ ಹೊಸ ಕಾಲು ಹಾಕಿಸಿಕೊಂಡು ಬಂದೆ ಅಂತಲೂ ಬರೆದಿದ್ದ. ನಾನು ‘ಸಂತೋಷ’ ಅಂತ ಉತ್ತರ ಬರೆದೆ. ಎಂಥ ಪೆದ್ದ ನೋಡು ನಾನು.

ಕೊನೆಗೆ ಬೆಂಗಳೂರಿನಲ್ಲಿ ಒಂದು ರೀಯೂನಿಯನ್. ಹಲಸೂರಿನ ಅದೇ ಮೈದಾನ. ಊಟದ ಸಾಲಿನಲ್ಲಿ ಅವನ ಹಿಂದೆ ನಿಂತಿದ್ದೆ. ತಟ್ಟೆಗೆ ಸಾಂಬಾರು ಬಿತ್ತು. ಅವನು, ‘ತಂಬಿ, ಈ ಸಾಂಬಾರು ಶಕರ್‌ಗಢದಲ್ಲಿ ಕೊಟ್ಟಿದ್ದರೆ ನಾನು ಆವತ್ತು ಮಗ್ಗು ಹಿಡಿದು ಓಡ್ತಿರಲಿಲ್ಲ’ ಅಂದ. ನಾನು ನಗಲಿಲ್ಲ. ಟೇಪಿನ ಮಾತು ಬಾಯಿಗೆ ಬಂದುಬಿಡ್ತು. ಅವನು ನನ್ನ ಮುಖ ನೋಡಿದ. ‘ಟೇಪು ಕಾಣಿಸ್ತಿತ್ತು ಕಣೋ. ಸರಿಯಾಗೇ ಕಟ್ಟಿದ್ದೆ ನೀನು. ಆ ಕಡೆ ಹುಲ್ಲು ಎತ್ತರ ಇತ್ತು. ನನಗೆ ನಾಚಿಕೆ. ದಾಟಿದೆ’ ಅಂದ. ಅಂದವನೇ ಹಪ್ಪಳ ತಗೊಂಡು ಮುಂದೆ ಹೋದ.

ಮೊಮ್ಮಗಳಿಗೆ ಇಷ್ಟನ್ನೂ ಹೇಳಿದೆ. ಆ ದುಂಡು ದೀಪವನ್ನ ಅವಳು ಯಾವಾಗ ಆರಿಸಿದಳೋ ನನಗೆ ಗೊತ್ತಾಗಲಿಲ್ಲ.

ಮೂವತ್ತು ವರ್ಷ ಅಂದೆನಲ್ಲ, ಇನ್ನೊಂದು ವಿಷಯ ನೆನಪಿಗೆ ಬಂತು. ಅದೇ ಸೀಮೆಯಲ್ಲಿ, ಬಸಂತರ್ ನದಿಯ ಕಾಳಗದಲ್ಲಿ, 1971ರ ಡಿಸೆಂಬರ್ 16ರಂದು ಪೂನಾ ಹಾರ್ಸ್‌ನ ಸೆಕೆಂಡ್ ಲೆಫ್ಟಿನೆಂಟ್ ಅರುಣ್ ಖೇತ್ರಪಾಲ್ ತನ್ನ ಟ್ಯಾಂಕಿನಲ್ಲೇ ಸತ್ತ. ಇಪ್ಪತ್ತೊಂದು ವರ್ಷ. ಪರಮವೀರ ಚಕ್ರ ಬಂತು. ಅವನ ತಂದೆ ಬ್ರಿಗೇಡಿಯರ್ ಎಂ.ಎಲ್. ಖೇತ್ರಪಾಲ್ ನಮ್ಮ ಇಂಜಿನಿಯರ್ಸ್ ಕೋರಿನವರೇ. ಎಂಬತ್ತೊಂದರ ವಯಸ್ಸಿನಲ್ಲಿ, 2001ರಲ್ಲಿ, ತಾವು ಹುಟ್ಟಿದ ಸರ್ಗೋಧಾ ನೋಡಬೇಕು ಅಂತ ಪಾಕಿಸ್ತಾನಕ್ಕೆ ಹೋದರು. ಲಾಹೋರಿನಲ್ಲಿ ಅವರನ್ನ ಮನೆಯಲ್ಲಿಟ್ಟುಕೊಂಡು ಉಪಚರಿಸಿದವರು ಅಲ್ಲಿಯ ಬ್ರಿಗೇಡಿಯರ್ ಖ್ವಾಜಾ ಮೊಹಮ್ಮದ್ ನಾಸರ್. ಹೊರಡುವ ಹೊತ್ತು ಹತ್ತಿರ ಬಂದಾಗ ಅವರು ಬಾಯಿಬಿಟ್ಟರು: ನಿಮ್ಮ ಮಗ ಸತ್ತದ್ದು ನನ್ನ ಕೈಯಲ್ಲಿ. ಅಷ್ಟು ದೊಡ್ಡ ಮನುಷ್ಯರಿಗೇ ಒಂದು ಮಾತು ಹೊರಬರೋಕೆ ಮೂವತ್ತು ವರ್ಷ ಹಿಡೀತು. ನೀನು ಮೂವತ್ತು ಸೆಕೆಂಡಿನ ರೀಲಿಗೆ ಸಿಗಲಿ ಅಂತೀಯ. ಆಗಲ್ಲ ಮಗಾ.

ಹಾಗಂತ ಕಾಯ್ತಾ ಕೂರು ಅಂತಲೂ ಅಲ್ಲ. ಕಾದು ಕೆಟ್ಟವನು ನಾನೇ. ನಮ್ಮ ದೊಡ್ಡಪ್ಪ ಎರಡನೇ ಮಹಾಯುದ್ಧದಲ್ಲಿ ಬರ್ಮಾಕ್ಕೆ ಹೋಗಿ ಬಂದವರು. ಆ ಯುದ್ಧದಲ್ಲಿ ನಮ್ಮ ದೇಶದಿಂದ ಇಪ್ಪತ್ತೈದು ಲಕ್ಷ ಜನ ಸೈನ್ಯದಲ್ಲಿದ್ದರು. ನಮ್ಮೂರಿನಿಂದ ಇವರೊಬ್ಬರೇ. ಅವರ ಹತ್ತಿರ ಒಂದು ಬರ್ಮಾ ಸ್ಟಾರ್ ಇತ್ತು. ಆರು ಮೂಲೆಯ ಹಿತ್ತಾಳೆ ಬಣ್ಣದ ನಕ್ಷತ್ರ. ಅದರ ರಿಬ್ಬನ್ನು ನಡುವೆ ಅಗಲವಾಗಿ ಕೆಂಪು, ಆಚೀಚೆ ಕಡುನೀಲಿ, ಆ ನೀಲಿಯ ಮಧ್ಯೆ ಒಂದೊಂದು ಕಿತ್ತಳೆ ಗೆರೆ. ನನಗೆ ಒಂಬತ್ತು ವರ್ಷ. ಗೂಡಿನಲ್ಲಿದ್ದ ಆ ನಕ್ಷತ್ರವನ್ನ ಚಡ್ಡಿ ಜೇಬಿಗೆ ಹಾಕ್ಕೊಂಡು ಹೋಗಿ ಗೋಲಿ ಆಟದಲ್ಲಿ ಪಣ ಇಟ್ಟೆ. ಸೋತೆ. ಗೆದ್ದವನು ಕೆರೆ ಏರಿಯ ಮೇಲೆ ಅದನ್ನ ನೀರಿನ ಮೇಲೆ ಬೀಸಿ ಎಸೆದು ಎಷ್ಟು ಸಲ ಕುಪ್ಪಳಿಸುತ್ತೆ ಅಂತ ನೋಡಿದ. ಮೂರು ಸಲ.

ದೊಡ್ಡಪ್ಪ ಬಯ್ಯಲಿಲ್ಲ. ಹೊಡೆಯಲೂ ಇಲ್ಲ. ‘ಹೋಗಲಿ ಬಿಡು, ಅದರ ಮೇಲೆ ಹೆಸರೇ ಇರಲಿಲ್ಲ’ ಅಂದರು. ಆಗ ನನಗೆ ತಿಳೀಲಿಲ್ಲ. ಆ ಯುದ್ಧದ ಪದಕಗಳನ್ನ ಲಕ್ಷಗಟ್ಟಲೆ ಅಚ್ಚು ಹೊಡೆದು ಹಂಚಿದರು, ಹೆಚ್ಚಿನವುಗಳ ಮೇಲೆ ಪಡೆದವನ ಹೆಸರು ಕೆತ್ತಲಿಲ್ಲ. ಗೂಡಿನಲ್ಲಿದ್ದಷ್ಟು ದಿನ ಮಾತ್ರ ಅದು ನಮ್ಮ ದೊಡ್ಡಪ್ಪನದು.

ಸೆಂಟರಿಗೆ ಸೇರಿದ ಮೇಲೆ ಸೇತುವೆ ಕ್ಲಾಸಿನಲ್ಲಿ ಉಸ್ತಾದರು ಒಂದು ಸಂಗತಿ ಹೇಳಿದರು. 1944ರ ಡಿಸೆಂಬರಿನಲ್ಲಿ ಬರ್ಮಾದ ಕಲೇವಾ ಅನ್ನೋ ಊರಲ್ಲಿ ಚಿಂದ್ವಿನ್ ನದಿಗೆ 1154 ಅಡಿ ಉದ್ದದ ಬೈಲಿ ಸೇತುವೆ ಹಾಕಿದ್ದರು, ಆಗ ಜಗತ್ತಿನಲ್ಲೇ ಉದ್ದದ್ದು. ನನಗೆ ಧಸಕ್ ಅಂತು. ದೊಡ್ಡಪ್ಪ ಎಲೆಅಡಿಕೆ ಹಾಕ್ಕೊಂಡು ಜಗುಲಿಯ ಮೇಲೆ ಕೂತು, ಯಾರಾದರೂ ಹೊಳೆಯ ಮಾತೆತ್ತಿದರೆ, ‘ಅಲ್ಲಿ ಒಂದು ನದಿ ಇತ್ತು. ದೊಡ್ಡದು. ರಾತ್ರಿಯೆಲ್ಲ ನೀರಲ್ಲಿ ನಿಂತಿದ್ದೆವು’ ಅಂತಿದ್ದರು. ನಾವು ಹುಡುಗರು ‘ಹೂಂ’ ಅಂದು ಓಡ್ತಿದ್ದೆವು. ಯಾವ ನದಿ ಅಂತ ಒಂದೇ ಒಂದು ಪ್ರಶ್ನೆ ಕೇಳಿದ್ದರೆ ಸಾಕಿತ್ತು. ರಜೆಗೆ ಹೋದಾಗ ಕೇಳೋಣ ಅಂದುಕೊಂಡೆ. ರಜೆ ಸಿಗುವ ಮುಂಚೆ ನೀಲಿ ಕಾಗದ ಬಂತು, ದೊಡ್ಡಪ್ಪ ಹೋದರು ಅಂತ. ಅದರ ಕೊನೆಯಲ್ಲೂ ಪೋಸ್ಟ್‌ಮ್ಯಾನ್ ನಮಸ್ಕಾರ ಬರೆದಿದ್ದ.

ನಿಮ್ಮ ತಾತನ ಪದಕಗಳಲ್ಲಿ ಹೆಸರಿರುತ್ತೆ. ನಮ್ಮ ಸರ್ಕಾರದ ದುಂಡನೆಯ ಪದಕ ತಗೊಂಡು ಬೆಳಕಿಗೆ ಹಿಡಿ. ಎದುರಿನ ಚಿತ್ರ ಬಿಡು, ಅದರ ದಂಡೆಯನ್ನ ತಿರುಗಿಸಿ ನೋಡು, ನಾಣ್ಯದ ಅಂಚು ನೋಡುವ ಹಾಗೆ. ಸಣ್ಣ ಅಕ್ಷರದಲ್ಲಿ ನಂಬರು, ರ‍್ಯಾಂಕು, ಹೆಸರು ಕೊರೆದಿರುತ್ತಾರೆ. 1971ರವರಾದರೆ ಸಂಗ್ರಾಮ್ ಮೆಡಲ್ ಇರುತ್ತೆ, ಪಶ್ಚಿಮದಲ್ಲಿದ್ದವರಿಗೆ ಪಶ್ಚಿಮಿ ಸ್ಟಾರ್, ಬಾಂಗ್ಲಾ ಕಡೆ ಹೋದವರಿಗೆ ಪೂರ್ವಿ ಸ್ಟಾರ್. ಯಾವುದು ಯಾವುದಕ್ಕೆ ಬಂತು ಅಂತ ಅವರ ಬಾಯಲ್ಲೇ ಕೇಳಿ ಬರೆದುಕೋ. ಮತ್ತೆ, ದಮ್ಮಯ್ಯ, ಉಜ್ಜಬೇಡ. ಇಪ್ಪತ್ತೆರಡು ವರ್ಷ ಬ್ರಾಸೋ ಹಚ್ಚಿ ಬಕಲ್ ಉಜ್ಜಿದ ಕೈ ಇದು, ನಾನೇ ಹೇಳ್ತಿದ್ದೀನಿ. ಇನ್ನು ಉಜ್ಜಿದರೆ ಹೆಸರೇ ಸವೆದು ಹೋಗುತ್ತೆ. ಫೋಟೊಗಳ ಹಿಂದೆ ಯಾರು ಯಾರು ಅಂತ ಪೆನ್ಸಿಲ್ಲಿನಲ್ಲಿ ಬರೆ, ಬಾಲ್‌ಪೆನ್ನು ಒತ್ತಿದರೆ ಮುಂದುಗಡೆ ಮೂಡುತ್ತೆ. ಎಡಗಡೆಯಿಂದ ಮೂರನೆಯವನು ಯಾರು ಅಂತ ಕೇಳು. ಆ ಮೂರನೆಯವನ ಹೆಸರು ಹೇಳುವಾಗ ದನಿ ಸಣ್ಣಗಾದರೆ ಅಲ್ಲಿಗೆ ನಿಲ್ಲಿಸು, ಮಾರನೇ ದಿನ ಮುಂದುವರಿಸು.

ಅವರು ತಾರೀಕು ತಪ್ಪು ಹೇಳಿದರೆ ಗೂಗಲ್ ಮಾಡಿ ತಿದ್ದೋಕೆ ಹೋಗಬೇಡ. ನಿನ್ನ ಹತ್ತಿರ ತಾರೀಕಿದೆ, ಅವರ ಹತ್ತಿರ ಆ ದಿನ ಇದೆ. ಕಾರ್ಯಪ್ಪನವರು 1949ರ ಜನವರಿ 15ಕ್ಕೆ ಸೈನ್ಯದ ಚುಕ್ಕಾಣಿ ಹಿಡಿದದ್ದು ನಿನಗೆ ಬಾಯಿಪಾಠ. ಅವರ ಮಗ ಸೆರೆ ಸಿಕ್ಕಾಗಿನ ಕತೆಯೂ ನಿನಗೆ ಗೊತ್ತು, ವಾಟ್ಸಾಪಿನಲ್ಲಿ ವರ್ಷಕ್ಕೊಮ್ಮೆ ಒಗ್ಗರಣೆ ಹೆಚ್ಚು ಮಾಡಿ ಕಳಿಸ್ತಾರೆ. ಅದೆಲ್ಲ ಇರಲಿ. ಆದರೆ ದೊಡ್ಡವರ ಕತೆ ಉಳಿಸೋಕೆ ದೊಡ್ಡ ಜನ ಇದ್ದಾರೆ. ಮಡಿಕೇರಿಯಲ್ಲಿ ಜನರಲ್ ತಿಮ್ಮಯ್ಯನವರು ಹುಟ್ಟಿದ ಮನೆ ‘ಸನ್ನಿ ಸೈಡ್’ 2021ರಲ್ಲಿ ಮ್ಯೂಸಿಯಂ ಆಯ್ತು, ರಾಷ್ಟ್ರಪತಿಗಳೇ ಬಂದು ತೆರೆದರು. ಹೋಗಿ ನೋಡು, ಚೆನ್ನಾಗಿದೆ. ಟ್ಯಾಂಕಿನ ಮುಂದೆ ಸೆಲ್ಫಿ ತಗೊಂಡು ಓಡಿಬರಬೇಡ, ಒಳಗೂ ಹೋಗು. ಒಬ್ಬ ಮಾಮೂಲಿ ತಂಬಿಯ ಮನೆಯನ್ನ ಯಾರೂ ಮ್ಯೂಸಿಯಂ ಮಾಡೋದಿಲ್ಲ. ದಿಲ್ಲಿಯಲ್ಲಿ 2019ರಲ್ಲಿ ತೆರೆದ ಯುದ್ಧ ಸ್ಮಾರಕದ ಗ್ರಾನೈಟಿನ ಮೇಲೆ ಇಪ್ಪತ್ತೈದು ಸಾವಿರಕ್ಕೂ ಹೆಚ್ಚು ಹೆಸರುಗಳಿವೆ, ಎಲ್ಲ ಜೀವ ಕೊಟ್ಟವರವು. ಕಾಲು ಕೊಟ್ಟವರಿಗೆ ಗೋಡೆ ಇಲ್ಲ. ಅವರ ಗೋಡೆ ನಿನ್ನ ನೋಟ್‌ಬುಕ್ಕೇ.

ಇದು ನಮಗೇನು ಹೊಸ ಕೆಲಸವಾ? ವೀರಗಲ್ಲು ನೋಡಿದ್ದೀಯಲ್ಲ, ಊರಾಚೆ ಹೊಲದ ಬದುವಿನಲ್ಲಿ ಅರ್ಧ ಹೂತು, ದನ ಮೈ ಉಜ್ಜಿಕೊಳ್ಳೋ ಕಲ್ಲು. ಬೆಂಗಳೂರು ಅನ್ನೋ ಹೆಸರು ಮೊದಲು ಬರಹದಲ್ಲಿ ಸಿಗೋದೇ ಅಂಥದೊಂದು ಕಲ್ಲಿನ ಮೇಲೆ. ಬೇಗೂರಿನ ನಾಗೇಶ್ವರ ಗುಡಿಯಲ್ಲಿದೆ, ಸುಮಾರು 900ನೇ ಇಸವಿಯದು. ಬೆಂಗಳೂರಿನ ಕಾಳಗದಲ್ಲಿ ನಾಗತ್ತರನ ಮಗ ಬುಟ್ಟಣ ಸೆಟ್ಟಿ ಸತ್ತ ಅಂತ ಅದರಲ್ಲಿದೆ. ರಾಜಧಾನಿಯ ಹೆಸರು ಉಳಿದದ್ದು ಒಬ್ಬ ಸತ್ತವನ ನೆಪದಿಂದ. ಇನ್ನೊಂದು ನನಗೆ ಬಲು ಇಷ್ಟ, ಮದ್ದೂರು ಕಡೆಯ ಆತಕೂರಿನ ಕಲ್ಲು, ಈಗ ಕಸ್ತೂರಬಾ ರಸ್ತೆಯ ಮ್ಯೂಸಿಯಂನಲ್ಲಿದೆ. ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೆರನಿಗೆ ಗಂಗರ ಬೂತುಗ ಏನು ಬೇಕು ಕೇಳು ಅಂದ. ಅವನು ಊರು ಕೇಳಲಿಲ್ಲ, ಚಿನ್ನ ಕೇಳಲಿಲ್ಲ, ರಾಜನ ಬೇಟೆನಾಯಿ ಕಾಳಿಯನ್ನ ಕೇಳಿದ. ಆ ಕಾಳಿ ಒಂದು ಹಂದಿಯ ಜೊತೆ ಕಾದಾಡಿ, ಎರಡೂ ಸತ್ತವು. ನಾಯಿಗೆ ಕಲ್ಲು ನಿಲ್ಲಿಸಿದರು. ಕಲ್ಲಿನ ಮೇಲೆ ನಾಯಿಯೂ ಇದೆ, ಹಂದಿಯೂ ಇದೆ. ಆ ಕಾಲದ ಬರಹಗಾರನಿಗೆ ಇದ್ದ ವಿವೇಕ ನೋಡು, ಬರೀ ‘ವೀರ ಶ್ವಾನ’ ಅಂತ ಕೆತ್ತಿ ಕೈ ತೊಳೆದುಕೊಳ್ಳಲಿಲ್ಲ. ಹೆಸರು ಬರೆದ, ಯಾರು ಯಾರಿಗೆ ಕೊಟ್ಟರು ಬರೆದ, ಏನಾಯ್ತು ಬರೆದ. ಸಾವಿರ ವರ್ಷದ ಮೇಲೂ ಆ ನಾಯಿಯನ್ನ ಹೆಸರು ಹಿಡಿದು ಕರೀಬಹುದು. ನಮ್ಮ ದೊಡ್ಡಪ್ಪ ನಿಂತ ನದಿ ಯಾವುದು ಅಂತ ನನಗೆ ಹೇಳೋಕೆ ಬರಲ್ಲ.

ಬರೆದಿಡದಿದ್ದರೆ ಏನಾಗುತ್ತೆ ಅಂತ ಕೊಡಗಿನವರನ್ನ ಕೇಳು. 1965ರ ಸೆಪ್ಟೆಂಬರ್ 7, ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯ. ಸರ್ಗೋಧಾದ ಮೇಲೆ ದಾಳಿಗೆ ಹೋದ ಮಿಸ್ಟೇರ್ ವಿಮಾನಗಳ ಜೊತೆ ಹೋದವರು ವಾಪಸ್ಸು ಬರಲಿಲ್ಲ. ಏನಾಯ್ತು ಅಂತ ನಮ್ಮ ಕಡೆ ಕಂಡವರಿಲ್ಲ. ಕಂಡವನು ಆಚೆ ಕಡೆಯವನು. ಇವರ ವಿಮಾನಕ್ಕೆ ಏಟು ಬಿದ್ದ ಮೇಲೂ ತಿರುಗಿ ಬಿದ್ದು, ತನಗಿಂತ ಎಷ್ಟೋ ವೇಗದ ಸ್ಟಾರ್‌ಫೈಟರನ್ನ ಕೆಡವಿದ್ದರು. ಅದರ ಪೈಲಟ್ ಹಾರಿಕೊಂಡು ಬದುಕಿದ. ಇದು ಬಯಲಾದದ್ದು ಜಾನ್ ಫ್ರಿಕರ್ ಅನ್ನೋ ಇಂಗ್ಲಿಷಿನವನು ಪಾಕಿಸ್ತಾನದವರ ಮಾತು ಕೇಳಿ 1979ರಲ್ಲಿ ಬರೆದ ಪುಸ್ತಕದಿಂದ. ಮಹಾವೀರ ಚಕ್ರ ಬಂದದ್ದು 1988ರಲ್ಲಿ. ಇಪ್ಪತ್ತಮೂರು ವರ್ಷ! ಆಚೆಯವರು ಬಾಯಿಬಿಡದಿದ್ದರೆ ಈವತ್ತಿಗೂ ‘ನಾಪತ್ತೆ’ ಅನ್ನೋ ಒಂದು ಪದವೇ ಗತಿ. ಅದಕ್ಕೇ ಜೊತೆಯವರನ್ನೂ ಹುಡುಕಿ ಕೇಳು ಅಂತೀನಿ. ನಿಮ್ಮ ತಾತನ ಕತೆಯ ಅರ್ಧ ಯಾವುದೋ ಸೇಲಂನಲ್ಲಿ, ಯಾವುದೋ ಗುಂಟೂರಿನಲ್ಲಿ ಕೂತಿರುತ್ತೆ.

ಗೌರವ ಸಲ್ಲಿಸಬೇಕು ಅಂತ ಬಹಳ ಆಸೆಯಾದರೆ ಇನ್ನೊಂದು ಕೆಲಸ ಮಾಡು. ವರ್ಷಕ್ಕೊಮ್ಮೆ ನಾವು ಬದುಕಿದ್ದೀವಿ ಅಂತ ಸರ್ಕಾರಕ್ಕೆ ತೋರಿಸಬೇಕು, ಇಲ್ಲದಿದ್ದರೆ ಪಿಂಚಣಿ ನಿಲ್ಲುತ್ತೆ. ಹೋದ ಸಲ ಒಂದು ಕಚೇರಿಗೆ ಹೋದೆ, ಯಾವುದು ಅಂತ ಬೇಡ. ಆ ಯಂತ್ರದ ಮೇಲೆ ಬೆರಳಿಟ್ಟರೆ ನನ್ನ ಗುರುತೇ ಹಿಡೀಲಿಲ್ಲ. ಗುದ್ದಲಿ, ಕಬ್ಬಿಣದ ತಂತಿ, ಆಮೇಲೆ ಹೊಲ, ಎಲ್ಲ ಸೇರಿ ಗೆರೆಗಳನ್ನ ಅಳಿಸಿಬಿಟ್ಟಿವೆ. ‘ಅಜ್ಜಾ, ನೀವು ಮ್ಯಾಚ್ ಆಗ್ತಿಲ್ಲ’ ಅಂದ ಹುಡುಗ. ದೇಶ ಕಾದವನು ಮ್ಯಾಚ್ ಆಗ್ತಿಲ್ಲ! ಅವನ ಮೇಲೆ ಕೂಗಾಡಿ ಬಂದೆ, ಪಾಪ, ಅವನದೇನೂ ತಪ್ಪಿರಲಿಲ್ಲ. ಆಮೇಲೆ ಮೊಮ್ಮಗಳೇ ಫೋನಿನಲ್ಲಿ ನನ್ನ ಮುಖ ಹಿಡಿದು, ಕಣ್ಣು ಮಿಟುಕಿಸು ತಾತ ಅಂತ ಹೇಳಿ, ಎರಡು ನಿಮಿಷದಲ್ಲಿ ನಾನು ಬದುಕಿದ್ದೀನಿ ಅಂತ ಸಾಬೀತು ಮಾಡಿಬಿಟ್ಟಳು. ಹದಿನಾಲ್ಕು ಶಾಲಿಗಿಂತ ಅದು ಬೆಚ್ಚಗಿತ್ತು.

ಹಾಗೇ, ಪಿಂಚಣಿ ಕಾಗದದಲ್ಲಿ ನಿಮ್ಮ ಅಜ್ಜಿಯ ಹೆಸರು, ಹುಟ್ಟಿದ ತಾರೀಕು ಆಧಾರಿನಲ್ಲಿದ್ದ ಹಾಗೇ ಇದೆಯಾ ನೋಡು. ಕಾಗದದಲ್ಲಿ ‘ಲಕ್ಷ್ಮಮ್ಮ’, ಆಧಾರಿನಲ್ಲಿ ‘ಲಕ್ಷ್ಮೀದೇವಮ್ಮ’ ಇದ್ದರೆ, ತಾತ ಹೋದ ಮೇಲೆ ಅಜ್ಜಿ ತಾನೇ ಅಜ್ಜಿ ಅಂತ ತೋರಿಸಲು ಅಲೆದು ಅಲೆದು ಸಾಕಾಗುತ್ತೆ. ಈಗಲೇ ಜಿಲ್ಲೆಯ ಸೈನಿಕ ಕಲ್ಯಾಣ ಕಚೇರಿಗೆ ಹೋಗಿ ವಿಚಾರಿಸು. ಡಿಸ್ಚಾರ್ಜ್ ಬುಕ್ಕು ಎಲ್ಲಿದೆ ಗೊತ್ತು ಮಾಡಿಕೋ. ಹಾಲಿನ ಲೆಕ್ಕದ ಪುಸ್ತಕಗಳ ಜೊತೆ ಅಟ್ಟದ ಮೇಲೆ ಸಿಗುತ್ತೆ, ಪಂಥ ಬೇಕಾದರೆ ಕಟ್ಟು.

ಬರುವ ತಿಂಗಳು ಆ ಸೇಲಂ ತಂಬಿ ನಮ್ಮ ಮನೆಗೆ ಬರ್ತಿದ್ದಾನೆ. ಮೊಮ್ಮಗಳು ಅವನನ್ನ ಮಾತಾಡಿಸಬೇಕು ಅಂತ ಕಾದು ಕೂತಿದ್ದಾಳೆ. ನೀನೂ ಬೇಕಾದರೆ ಬಾ. ಅವಳಿಗೆ ಹೇಳಿದ್ದನ್ನೇ ನಿನಗೂ ಹೇಳ್ತೀನಿ. ಮೆಟ್ಟಿಲು ಹತ್ತುವಾಗ ಕೈ ಹಿಡಿಯೋಕೆ ಹೋಗಬೇಡ, ಮೂರು ಭಾಷೆಯಲ್ಲಿ ಬಯ್ತಾನೆ. ಕಾಲಿನ ಮಾತು ನೀನಾಗಿ ಎತ್ತಬೇಡ. ಫೋನು ಎರಡನೇ ಕಾಫಿ ಆಗುವವರೆಗೂ ಜೇಬಿನಲ್ಲಿರಲಿ. ಟೇಪಿನ ಚೂರನ್ನ ನಾನೇ ತೆಗೆದು ಅವನ ಕೈಗೆ ಕೊಡೋಣ ಅಂತಿದ್ದೀನಿ, ಅವನು ಅದನ್ನ ಇನ್ನೂ ನೋಡಿಲ್ಲ. ಲಾಡಿ ಕತೆ ಮಾತ್ರ ನೀವು ಯಾರೂ ಮೊದಲೇ ಹೇಳಿಬಿಡಬೇಡಿ. ಅದನ್ನ ಹೇಳೋ ಹಕ್ಕು ನನ್ನದು.